ಆಪರೇಷನ್ ಹೊತ್ತಲ್ಲಿ ಅಂಗಗಳಿಗೆ ಆಕ್ಸಿಜನ್ ಕಮ್ಮಿಯಾದರೆ: ಸ್ಟೆಮ್ ಸೆಲ್ಲೋ, ತಂಪೋ, ತೋಳಪಟ್ಟಿಯೋ?

ಕಳೆದ ಮಳೆಗಾಲದಲ್ಲಿ ಗೋವಾದ ವಾಸ್ಕೋದಿಂದ ಒಂದು ಫೋನ್ ಬಂತು. ಗದಗ ಕಡೆಯ ಹುಡುಗ, ಬಂದರಿನ ಹತ್ತಿರ ಲಾರಿ ಓಡಿಸುತ್ತಾನೆ. "ಸರ್, ನಮ್ಮ ಅಪ್ಪಾರಿಗೆ ಬೈಪಾಸ್ ಮಾಡಬೇಕಂತ ಹೇಳ್ಯಾರ್ರೀ. ಶುಗರ್ ಐತಿ, ಕಿಡ್ನೀನೂ ಸ್ವಲ್ಪ ವೀಕ್ ಅದಾವಂತ. ಆಪರೇಷನ್‌ಕಿಂತ ಮದ್ಲ ಸ್ಟೆಮ್ ಸೆಲ್ ಹಾಕಿಸಿದ್ರ ಹಾರ್ಟೂ ಕಿಡ್ನೀನೂ ಸೇಫ್ ಅಂತಾರ. ಊರಾಗಿನ ಎರಡೆಕರೆ ಹೊಲ ಕೊಟ್ಟುಬಿಡ್ಲೇನ್ರೀ?"

ಅದೇ ವಾರ ಮುಂಬೈಯ ಮಾಟುಂಗಾದಲ್ಲಿ ಹೋಟೆಲ್ ನಡೆಸುವ ನಮ್ಮೂರಿನವರೊಬ್ಬರು ಬೇರೆಯದೇ ಕೇಳಿದರು. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಬಿಗಿ ಮಾಡಿದರೆ ಹೃದಯ ಉಳಿಯುತ್ತದಂತೆ, ಹೌದಾ ಅಂತ. ಪುಣೆಯ ಒಬ್ಬ ಅಕ್ಕನ ಗಂಡನಿಗೆ ಲಿವರ್ ಬದಲಾಯಿಸಬೇಕಿತ್ತು. ಮಷೀನಿನಲ್ಲಿ ಇಟ್ಟ ಲಿವರ್ ಸಿಗುವ ಆಸ್ಪತ್ರೆಗೇ ಹೋಗಬೇಕಾ ಅಂತ ಅವರ ಪ್ರಶ್ನೆ.

ನಾನು ಮುಂಬೈಯಲ್ಲಿ ಪರ್ಫ್ಯೂಷನಿಸ್ಟ್. ಹೃದಯದ ಆಪರೇಷನ್ ನಡೆಯುವಾಗ ಹಾರ್ಟ್-ಲಂಗ್ ಮಷೀನ್ ನೋಡಿಕೊಳ್ಳುವ ಕೆಲಸ. ಅಂಗಗಳಿಗೆ ಆಕ್ಸಿಜನ್ ತಲುಪುತ್ತಿದೆಯಾ ಇಲ್ಲವಾ ಅನ್ನುವುದೇ ನನ್ನ ದಿನದ ಚಿಂತೆ. ಹಾಗಾಗಿ ಈ ಮೂವರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಕೊನೆಯ ಮಾತು ನಿಮ್ಮ ಸರ್ಜನ್ ಮತ್ತು ಅನಸ್ತೇಷಿಯಾ ಡಾಕ್ಟರರದ್ದೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಮನೆಯವರಿಗೆ ಗೊತ್ತಿರಬೇಕು.

ಪೆಟ್ಟು ಬೀಳುವುದು ಎರಡು ಸಲ

ಬೈಪಾಸ್‌ನಲ್ಲಿ ಸರ್ಜನ್ ಮಹಾಧಮನಿಗೆ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ, ಕ್ಲ್ಯಾಂಪ್ ಹಾಕಿದ ಕೂಡಲೇ ಹೃದಯದ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಆ ಕ್ಷಣ ನಾನು ಗಡಿಯಾರ ಒತ್ತುತ್ತೇನೆ. ದೇಹದ ಉಳಿದ ಭಾಗಕ್ಕೆ ಮಷೀನ್ ರಕ್ತ ಕಳಿಸುತ್ತಿರುತ್ತದೆ. ಒಂದು ಕೊಳವೆಯಲ್ಲಿ ನೇರಳೆ ಹಣ್ಣಿನ ಬಣ್ಣದ ರಕ್ತ ಬರುತ್ತದೆ, ಇನ್ನೊಂದರಲ್ಲಿ ಕೆಂಪು ದಾಸವಾಳದಂಥದ್ದು ಹೋಗುತ್ತದೆ. ಹೃದಯ ಮಾತ್ರ ಖಾಲಿ.

ಎಲ್ಲ ಅಂಗಕ್ಕೂ ತಾಳ್ಮೆ ಒಂದೇ ಅಲ್ಲ. ಮಾಮೂಲಿ ಶಾಖದಲ್ಲಿ ಮೆದುಳು ನಾಲ್ಕೈದು ನಿಮಿಷಕ್ಕೇ ಕೆಡಲು ಶುರುವಾಗುತ್ತದೆ. ಹೃದಯದ ಸ್ನಾಯು 20 ನಿಮಿಷ ದಾಟಿದರೆ ಕಷ್ಟ. ಕಿಡ್ನಿ 25-30 ನಿಮಿಷ ತಡೆಯುತ್ತದೆ. ಕಾಲಿನ ಸ್ನಾಯು ಕೆಲವು ತಾಸು ಬದುಕುತ್ತದೆ.

ರಕ್ತ ನಿಂತಾಗ ಆಗುವುದು ಒಂದು ಪೆಟ್ಟು. ರಕ್ತ ವಾಪಸ್ ಬಂದಾಗ ಆಗುವುದು ಇನ್ನೊಂದು. ಒಲೆಯ ಉರಿ ಆರಿಹೋಗಿದೆ, ಗ್ಯಾಸ್ ನಾಬ್ ಮಾತ್ರ ತೆರೆದೇ ಇದೆ ಅಂದುಕೊಳ್ಳಿ. ಅಡುಗೆಮನೆ ತುಂಬ ಗ್ಯಾಸ್ ತುಂಬಿದ ಮೇಲೆ ಕಡ್ಡಿ ಗೀರಿದರೆ? ಆಕ್ಸಿಜನ್ ಇಲ್ಲದ ಜೀವಕೋಶದಲ್ಲಿ, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಒಳಗೆ, ಉರಿಯದ ಸರಕು ಹೀಗೇ ಸೇರಿಕೊಳ್ಳುತ್ತದೆ. ಆಕ್ಸಿಜನ್ ಬಂದ ಕೂಡಲೇ ಅದು ಒಮ್ಮೆಲೇ ಉರಿದು ಕೋಶವನ್ನೇ ಸುಡುತ್ತದೆ. ಮೇಲಿಂದ ಕ್ಯಾಲ್ಸಿಯಂ ನುಗ್ಗುತ್ತದೆ, ಊತ ಬರುತ್ತದೆ. ಆದ್ದರಿಂದ ಯಾವ ಉಪಾಯವನ್ನು ನೋಡಿದರೂ ನಾನು ಮೊದಲು ಕೇಳುವುದು, ಇದು ಮೊದಲನೇ ಪೆಟ್ಟಿಗಾ, ಎರಡನೆಯದಕ್ಕಾ, ಇಲ್ಲಾ ಪೆಟ್ಟು ಬಿದ್ದ ಮೇಲಿನ ರಿಪೇರಿಗಾ ಅಂತ.

ತೂಗುವ ಕಲ್ಲು

ಇನ್ನು ಮೂರು ಪ್ರಶ್ನೆ ಇವೆ. ಒಂದು, ಮನುಷ್ಯರಲ್ಲಿ ಪರೀಕ್ಷೆ ಆಗಿದೆಯಾ? ಇಲಿಯಲ್ಲಿ, ಹಂದಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತ ಉದಾಹರಣೆ ಈ ವಿಷಯದಲ್ಲಿ ರಾಶಿ ಇವೆ. ಅದೂ ಸುಮ್ನೆ ಹತ್ತು ಜನಕ್ಕೆ ಕೊಟ್ಟು ಚೆನ್ನಾಗಿದ್ದಾರೆ ಅಂದರೆ ಸಾಲದು. ಕೊಟ್ಟವರು, ಕೊಡದವರು ಎರಡು ಗುಂಪು ಇರಬೇಕು. ಎರಡು, ಹಾನಿ ಏನು? ಮೂರು, ದುಡ್ಡು ಯಾರ ಜೇಬಿನಿಂದ ಹೋಗುತ್ತದೆ? ಸಂಶೋಧನೆಯ ಖರ್ಚನ್ನು ರೋಗಿಯೇ ಕೊಡಬೇಕು ಅಂದರೆ ಅಲ್ಲೇ ನಿಲ್ಲಿ.

ತಂಪು ಮತ್ತು ಪೊಟ್ಯಾಸಿಯಂ: ಹಳೆಯದು, ಗಟ್ಟಿಯಾದದ್ದು

ಫಿಲಡೆಲ್ಫಿಯಾದಲ್ಲಿ 1953ರಲ್ಲಿ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮಷೀನ್ ಬಳಸಿ ಮೊದಲ ಸಲ ಯಶಸ್ವಿಯಾಗಿ ಹೃದಯ ತೆರೆದು ಆಪರೇಷನ್ ಮಾಡಿದರು. ಅಲ್ಲಿಂದ ಇಲ್ಲಿವರೆಗೆ ನಾವು ಕಲಿತ ದೊಡ್ಡ ಪಾಠ ಅಂದರೆ ಹೃದಯವನ್ನು ಕೆಲಸದಿಂದ ಬಿಡಿಸಿ ಮಲಗಿಸಬೇಕು. ಅದಕ್ಕೆ ಪೊಟ್ಯಾಸಿಯಂ ಜಾಸ್ತಿ ಇರುವ ತಂಪು ದ್ರಾವಣ ಹಾಕುತ್ತೇವೆ. ಹೆಸರು ಕಾರ್ಡಿಯೋಪ್ಲೀಜಿಯಾ. ಹಾಕಿದ ಸ್ವಲ್ಪ ಹೊತ್ತಿಗೇ ಮಾನಿಟರಿನ ಗೆರೆ ಸಪಾಟಾಗುತ್ತದೆ. ಬಡಿಯದ, ತಣ್ಣಗಿನ ಹೃದಯಕ್ಕೆ ಆಕ್ಸಿಜನ್ ಬೇಕಾಗುವುದು ಬಹಳ ಕಮ್ಮಿ.

ರಕ್ತ ಬೆರೆಸಿದ ದ್ರಾವಣವಾದರೆ ಸಾಮಾನ್ಯವಾಗಿ ಪ್ರತಿ 15-20 ನಿಮಿಷಕ್ಕೆ ಮತ್ತೆ ಕೊಡುತ್ತೇವೆ. ಮೊದಲು ಮಕ್ಕಳಿಗೆಂದು ತಯಾರಾದ ಡೆಲ್ ನಿಡೋ ದ್ರಾವಣ ಒಂದೇ ಡೋಸಿಗೆ ಸುಮಾರು 90 ನಿಮಿಷ ಬರುತ್ತದೆ. ಯಾವುದು ಒಳ್ಳೆಯದು ಅಂತ ಮನೆಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ತಂಡಕ್ಕೆ ಕೈಗೂಡಿದ್ದು ಒಳ್ಳೆಯದು. ನೀವು ಕೇಳಬೇಕಾದದ್ದು ಇಷ್ಟೇ: ಈ ಆಪರೇಷನ್ ಈ ತಂಡ ವಾರಕ್ಕೆ ಎಷ್ಟು ಮಾಡುತ್ತದೆ?

ಕ್ಲ್ಯಾಂಪ್ ತೆಗೆಯುವ ಹೊತ್ತು ಎಷ್ಟು ವರ್ಷವಾದರೂ ನನಗೆ ಹಳತಾಗಿಲ್ಲ. ಬಿಳಿಚಿಕೊಂಡಿದ್ದ ಹೃದಯಕ್ಕೆ ಬಣ್ಣ ಬರುತ್ತದೆ. ಮೊದಲು ಸುಮ್ಮನೆ ಅದುರುತ್ತದೆ, ಹುಳು ಹರಿದಂತೆ. ಆಮೇಲೆ ಒಂದು ಬಡಿತ, ಇನ್ನೊಂದು. ಎರಡನೇ ಪೆಟ್ಟು ಬೀಳುವುದೂ ಅದೇ ಹೊತ್ತಿನಲ್ಲಿ. ಅದಕ್ಕೇ ನಾವು ಅವಸರ ಮಾಡುವುದಿಲ್ಲ. ಒತ್ತಡ ಕಮ್ಮಿ ಇಟ್ಟು, ನಿಧಾನವಾಗಿ ಶಾಖ ಏರಿಸುತ್ತೇವೆ. ಇದಕ್ಕೆಲ್ಲ ಬೇರೆ ಬಿಲ್ ಬರುವುದಿಲ್ಲ.

ಮಷೀನ್ ಇಲ್ಲದೆ, ಬಡಿಯುವ ಹೃದಯದ ಮೇಲೆ

ಬೀಟಿಂಗ್ ಹಾರ್ಟ್ ಬೈಪಾಸ್ ನಮ್ಮ ದೇಶದಲ್ಲಿ ಬಹಳ ನಡೆಯುತ್ತದೆ. ಹೃದಯವನ್ನು ನಿಲ್ಲಿಸುವುದೇ ಇಲ್ಲ, ಹೊಲಿಯುವ ಜಾಗವನ್ನಷ್ಟೇ ಅಲುಗದಂತೆ ಹಿಡಿಯುತ್ತಾರೆ. ಇಡೀ ಹೃದಯಕ್ಕೆ ರಕ್ತ ನಿಲ್ಲುವ ಮಾತೇ ಇಲ್ಲ. ಹಾಗಾದರೆ ಇದೇ ವಾಸಿ ಅಲ್ವಾ ಅನ್ನಿಸುತ್ತದೆ. ಮಷೀನ್ ನಡೆಸುವವನು ನಾನು, ನನ್ನ ಮಾತಿನಲ್ಲಿ ಪಕ್ಷಪಾತ ಬರಬಾರದು. ಅದಕ್ಕೆ ಲೆಕ್ಕವನ್ನೇ ಇಡುತ್ತೇನೆ.

ಕರೊನರಿ ಅನ್ನುವ ಹೆಸರಿನ ಅಧ್ಯಯನದಲ್ಲಿ 4752 ಜನರಿದ್ದರು, ಭಾರತದವರೂ ಸೇರಿ. ಸಾವು, ಪಾರ್ಶ್ವವಾಯು, ಹೃದಯಾಘಾತ, ಡಯಾಲಿಸಿಸ್ ಬೇಕಾಗುವಂಥ ಕಿಡ್ನಿ ವೈಫಲ್ಯ, ಇವೆಲ್ಲ ಕೂಡಿಸಿ ನೋಡಿದರೆ 30 ದಿನಕ್ಕೂ 5 ವರ್ಷಕ್ಕೂ ಎರಡು ವಿಧಾನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಿಡ್ನಿಗೆ ಆಗುವ ಸಣ್ಣ ಪೆಟ್ಟು ಮಾತ್ರ ಬೀಟಿಂಗ್ ಹಾರ್ಟ್‌ನಲ್ಲಿ ಕಮ್ಮಿ ಇತ್ತು. 2009ರಲ್ಲಿ ಬಂದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಒಂದು ವರ್ಷದ ನಂತರ ಹೊಲಿದ ರಕ್ತನಾಳ ತೆರೆದೇ ಇರುವ ಪ್ರಮಾಣ ಮಷೀನ್ ಬಳಸಿದವರಲ್ಲೇ ಜಾಸ್ತಿ ಇತ್ತು.

ಅಂದರೆ ಕೊಡು-ಕೊಳ್ಳು ಇಲ್ಲೂ ಇದೆ. ಕಿಡ್ನಿ ಮೊದಲೇ ಸೋತಿದ್ದರೆ, ಮಹಾಧಮನಿಯಲ್ಲಿ ಸುಣ್ಣ ಕಟ್ಟಿದ್ದರೆ ಬೀಟಿಂಗ್ ಹಾರ್ಟ್ ಕಡೆ ವಾಲಬಹುದು. ಸರ್ಜನ್ ಅದನ್ನೇ ನಿತ್ಯ ಮಾಡುವವರಾಗಿರಬೇಕು. ವಯಸ್ಸು ಚಿಕ್ಕದು, ಕಿಡ್ನಿ ಚೆನ್ನಾಗಿದೆ, ನಾಲ್ಕೈದು ಕಡೆ ಹೊಲಿಯಬೇಕು ಅಂದರೆ ಮಷೀನಿಗೆ ಹೆದರಬೇಕಾಗಿಲ್ಲ. ವಾಲ್ವ್ ಆಪರೇಷನ್ನಿಗಂತೂ ಎದೆ ತೆರೆಯುವುದಾದರೆ ಮಷೀನ್ ಬೇಕೇ ಬೇಕು.

ತೋಳಪಟ್ಟಿ

ಮಾಟುಂಗಾದವರು ಕೇಳಿದ್ದು ಪೊಳ್ಳು ಸುದ್ದಿಯೇನಲ್ಲ. 1986ರಲ್ಲಿ ಅಮೆರಿಕದ ಮರ್ರಿ, ಜೆನ್ನಿಂಗ್ಸ್, ರೈಮರ್ ನಾಯಿಗಳ ಹೃದಯದ ರಕ್ತನಾಳವನ್ನು ನಾಲ್ಕು ಸಲ ಐದೈದು ನಿಮಿಷ ಮುಚ್ಚಿ ಬಿಟ್ಟರು. ಆಮೇಲೆ 40 ನಿಮಿಷ ಮುಚ್ಚಿದಾಗ, ಹಾಗೆ ಅಭ್ಯಾಸ ಮಾಡಿಸದ ಹೃದಯಕ್ಕೆ ಹೋಲಿಸಿದರೆ ಹಾನಿ ಕಾಲು ಭಾಗವಷ್ಟೇ ಆಗಿತ್ತು. ತೋಳಿನ ರಕ್ತ ತಡೆದರೂ ದೂರದ ಹೃದಯ ಎಚ್ಚರಗೊಳ್ಳುತ್ತದೆ ಅನ್ನುವ ಆಸೆ ಅಲ್ಲಿಂದ ಬೆಳೆಯಿತು. ಬಿಪಿ ಪಟ್ಟಿಯನ್ನು ಐದು ನಿಮಿಷ ಬಿಗಿ ಮಾಡಿ, ಐದು ನಿಮಿಷ ಬಿಟ್ಟು, ಮೂರ್ನಾಲ್ಕು ಸಲ. ಖರ್ಚೇ ಇಲ್ಲ.

2015ರಲ್ಲಿ ಬ್ರಿಟನ್ ಮತ್ತು ಜರ್ಮನಿಯಲ್ಲಿ ಹೃದಯದ ಆಪರೇಷನ್ ಆದ ಸುಮಾರು 3000 ಜನರ ಮೇಲೆ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು. ಲಾಭ ಕಾಣಲಿಲ್ಲ. ಅದೇ ವರ್ಷ, ಕಿಡ್ನಿಗೆ ಅಪಾಯ ಜಾಸ್ತಿ ಇದ್ದ 240 ಜನರ ಒಂದು ಸಣ್ಣ ಪರೀಕ್ಷೆಯಲ್ಲಿ ಮಾತ್ರ ಕಿಡ್ನಿ ಪೆಟ್ಟು ಕಮ್ಮಿಯಾಗಿತ್ತು. ನಿಮ್ಮ ಅನಸ್ತೇಷಿಯಾ ಡಾಕ್ಟರ್ ತಾವಾಗಿ ಮಾಡುತ್ತೇನೆ ಅಂದರೆ ಬೇಡ ಅನ್ನಬೇಡಿ. ಮಾಡದಿದ್ದರೆ ಜಗಳ ಮಾಡುವಷ್ಟು ಪುರಾವೆ ಇಲ್ಲ. ಮನೆಯಲ್ಲಿ ಮಾತ್ರ ಯಾರೂ ಹಗ್ಗ ಕಟ್ಟಿ ಪ್ರಯೋಗ ಮಾಡಬೇಡಿ.

ಕಿಡ್ನಿಗೆ ಸಾದಾ ಕಾವಲು

ಹೃದಯದ ಆಪರೇಷನ್ನಿನಲ್ಲಿ ಸದ್ದಿಲ್ಲದೆ ಪೆಟ್ಟು ತಿನ್ನುವ ಅಂಗ ಕಿಡ್ನಿ. ಇಲ್ಲಿ 2024ರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಇಟಲಿಯ ಡಾಕ್ಟರರ ಮುಂದಾಳತ್ವದಲ್ಲಿ 3511 ಜನರ ಮೇಲೆ ಪರೀಕ್ಷೆ ನಡೆಯಿತು. ಆಪರೇಷನ್ ಹೊತ್ತಿನಿಂದ ಅಮೈನೋ ಆಸಿಡ್ ಡ್ರಿಪ್ ಕೊಟ್ಟವರಲ್ಲಿ ಕಿಡ್ನಿ ಪೆಟ್ಟು 100ಕ್ಕೆ ಸುಮಾರು 27 ಜನರಿಗೆ ಆಯಿತು, ಕೊಡದವರಲ್ಲಿ ಸುಮಾರು 32. ಸಾವಿನ ಲೆಕ್ಕದಲ್ಲಿ ಬದಲಾವಣೆ ಇರಲಿಲ್ಲ, ಅದನ್ನೂ ಹೇಳಬೇಕು. ಆದರೂ ಇದು ಐಸಿಯುಗಳಲ್ಲಿ ಮೊದಲಿಂದ ಬಳಕೆಯಲ್ಲಿರುವ ಪೌಷ್ಟಿಕ ಡ್ರಿಪ್, ಸ್ಟೆಮ್ ಸೆಲ್ ಬೆಲೆಯ ಹತ್ತಿರವೂ ಬರುವುದಿಲ್ಲ. ನಮ್ಮ ಅಪ್ಪನ ಆಪರೇಷನ್ ಇಂದು ಇದ್ದಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ. ಲಿವರ್ ಕೆಟ್ಟಿದ್ದರೆ ಇದು ಹೊಂದದಿರಬಹುದು, ಡಾಕ್ಟರ್ ನೋಡಿ ಹೇಳುತ್ತಾರೆ.

ಇನ್ನು ಮನೆಯಲ್ಲೇ ಮಾಡಬೇಕಾದ ತಯಾರಿ. ಬೀಡಿ-ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ರಕ್ತ ಕಮ್ಮಿ ಇದ್ದರೆ ಮೊದಲೇ ಸರಿ ಮಾಡಿಸಿಕೊಳ್ಳಬೇಕು, ಯಾಕೆಂದರೆ ಆಕ್ಸಿಜನ್ ಹೊರುವ ಗಾಡಿಯೇ ಹಿಮೋಗ್ಲೋಬಿನ್. ಮಂಡಿನೋವಿಗೆ ಮೆಡಿಕಲ್‌ನಿಂದ ತಂದು ನುಂಗುವ ನೋವಿನ ಗುಳಿಗೆ ಬಗ್ಗೆ ಮುಚ್ಚುಮರೆ ಬೇಡ, ಅವು ಕಿಡ್ನಿಯನ್ನು ತಿನ್ನುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಯನ್ನು ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸುವ ರೂಢಿ ಇದೆ. ಎಲ್ಲ ಮಾತ್ರೆಯ ಪಟ್ಟಿಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಸ್ಟೆಮ್ ಸೆಲ್: ಹೊಲ ಮಾರುವ ಪ್ರಶ್ನೆ

ಈಗ ವಾಸ್ಕೋದ ಹುಡುಗನ ವಿಷಯ. ಪುನರುತ್ಪಾದಕ ಚಿಕಿತ್ಸೆ, ಅಂದರೆ ಕೆಟ್ಟ ಅಂಗಾಂಶ ಮತ್ತೆ ಚಿಗುರುವಂತೆ ಮಾಡುವ ವೈದ್ಯ, ಇದರ ಮೇಲೆ ನನಗೆ ನಿಜವಾಗಿ ಆಸೆ ಇದೆ. ಮೀಸೆಂಕೈಮಲ್ ಅನ್ನುವ ಜಾತಿಯ ಸ್ಟೆಮ್ ಸೆಲ್‌ಗಳನ್ನು, ಕನ್ನಡದಲ್ಲಿ ಕಾಂಡಕೋಶಗಳನ್ನು, ಮೂಳೆ ಮಜ್ಜೆಯಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದು ಬೆಳೆಸುತ್ತಾರೆ. ಅವು ಹೋಗಿ ಹೊಸ ಹೃದಯ, ಹೊಸ ಕಿಡ್ನಿ ಕಟ್ಟುತ್ತವೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅವು ಸುತ್ತಲಿನ ಊತ ಇಳಿಸುವ ರಸಗಳನ್ನು ಬಿಡುತ್ತವೆ, ರಿಪೇರಿಗೆ ಸನ್ನೆ ಕೊಡುತ್ತವೆ. ಕೈ ರಕ್ತನಾಳಕ್ಕೆ ಚುಚ್ಚಿದರೆ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ.

ಪ್ರಾಣಿಗಳಲ್ಲಿ ಫಲ ಚೆನ್ನಾಗಿ ಬಂತು. ಮನುಷ್ಯರಲ್ಲಿ? ಹೃದಯದ ಆಪರೇಷನ್ ಆಗಿ ಕಿಡ್ನಿಗೆ ಪೆಟ್ಟು ಬಿದ್ದ 156 ಜನರನ್ನು ಎರಡು ಗುಂಪು ಮಾಡಿ ಉತ್ತರ ಅಮೆರಿಕದಲ್ಲಿ ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೋಶ ಪಡೆದವರ ಕಿಡ್ನಿ ಬೇಗ ಸುಧಾರಿಸಲಿಲ್ಲ. ನಮ್ಮ ಹುಡುಗನ ಅಪ್ಪನಂಥವರ ಮೇಲೇ ನಡೆದ ಪರೀಕ್ಷೆ ಇದು, ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ದೇಶದಲ್ಲಿ ಕಾಂಡಕೋಶದಿಂದ ಏನೂ ಆಗಿಲ್ಲ ಅಂತಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ತಯಾರಿಸಿದ ಸ್ಟೆಂಪ್ಯೂಸೆಲ್‌ಗೆ ಔಷಧ ನಿಯಂತ್ರಕರ ಒಪ್ಪಿಗೆ ಇದೆ. ಅದು ರಕ್ತ ಹರಿಯದೆ ಕೊಳೆಯುವ ಹಂತಕ್ಕೆ ಬಂದ ಕಾಲಿಗೆ. ಕಾಲಿಗೆ ಒಪ್ಪಿಗೆ ಇದ್ದರೆ ಬೈಪಾಸ್ ಹೊತ್ತಿನ ಹೃದಯಕ್ಕೆ, ಕಿಡ್ನಿಗೆ ಇದೆ ಅಂತ ಅರ್ಥವಾಗುವುದಿಲ್ಲ. ಎಕ್ಸೋಸೋಮ್, ಅಂದರೆ ಕೋಶಗಳು ಹೊರಗೆ ಬಿಡುವ ಸಣ್ಣ ಸಣ್ಣ ಪೊಟ್ಟಣ, ಇದರ ಚುಚ್ಚುಮದ್ದಿನ ಮಾತೂ ಇತ್ತೀಚೆಗೆ ಜಾಸ್ತಿ ಕೇಳುತ್ತದೆ. ಅದು ಇನ್ನೂ ಪ್ರಯೋಗಶಾಲೆಯ ಹತ್ತಿರವೇ ಇದೆ.

ಐಸಿಎಂಆರ್, ಅಂದರೆ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಖಡಕ್ಕಾಗಿದೆ. ರಕ್ತದ ಕೆಲವು ಕಾಯಿಲೆಗೆ ಮಾಡುವ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಕಾಂಡಕೋಶ ಕೊಡುವುದು ನೋಂದಣಿಯಾದ ಪ್ರಯೋಗದಲ್ಲಿ ಮಾತ್ರ. ಅದಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಪ್ರಯೋಗಗಳ ನೋಂದಣಿ ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿರುತ್ತದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಾನು ಆ ಹುಡುಗನಿಗೆ ಹೇಳಿದ್ದು ಒಂದೇ: "ಅವರ ಹತ್ರ ಸಿಟಿಆರ್‌ಐ ನಂಬರ್ ಕೇಳು." ಎರಡು ದಿನ ಬಿಟ್ಟು ಫೋನ್ ಮಾಡಿದ. "ನಂಬರ್ ಕೇಳಿದ್ರ, ನೀ ಯಾಕ ಅಷ್ಟೆಲ್ಲಾ ಕೇಳ್ತಿ, ಅಡ್ವಾನ್ಸ್ ಯಾವಾಗ ತರ್ತಿ ಅಂದ್ರು ಸರ್." ಹೊಲ ಉಳಿಯಿತು.

ನಿಜವಾದ ಪ್ರಯೋಗ ಸಿಕ್ಕರೆ ಸೇರಬಹುದಾ? ಸೇರಬಹುದು. ಮಾಮೂಲಿ ಚಿಕಿತ್ಸೆಗೆ ಅಡ್ಡಿ ಬರಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲೋ, ನಿಮಗೆ ಓದಲು ಬರುವ ಭಾಷೆಯಲ್ಲೋ ಕೊಡಬೇಕು. ಪ್ರಯೋಗದಿಂದ ಹಾನಿಯಾದರೆ 2019ರ ನಿಯಮದಂತೆ ಪರಿಹಾರ ಇದೆ. ನಿಮಗೆ ಕೋಶ ಸಿಗದ ಗುಂಪು ಬರಬಹುದು, ಅದಕ್ಕೂ ಮನಸ್ಸು ಸಿದ್ಧ ಇರಲಿ.

ಮೈಟೋಕಾಂಡ್ರಿಯಾ ಕಸಿ

ಇದರ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ, ಏಕೆಂದರೆ ಇಂದು ನೀವು ಆರಿಸಿಕೊಳ್ಳುವ ವಸ್ತು ಇದಲ್ಲ. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಮಗುವಿನದೇ ಹೊಟ್ಟೆಯ ಸ್ನಾಯುವಿನ ಚೂರಿನಿಂದ ಮೈಟೋಕಾಂಡ್ರಿಯಾ ಬೇರ್ಪಡಿಸಿ, ಸೋತ ಹೃದಯಕ್ಕೇ ಚುಚ್ಚಿದರು. 2017ರ ವರದಿಯಲ್ಲಿ 5 ಮಕ್ಕಳಲ್ಲಿ 4 ಮಕ್ಕಳನ್ನು, ಹೃದಯ-ಶ್ವಾಸಕೋಶದ ಕೆಲಸವನ್ನು ದಿನಗಟ್ಟಲೆ ಮಾಡುವ ಎಕ್ಮೋ ಮಷೀನಿನಿಂದ ಬಿಡಿಸಲಾಯಿತು. ಕಾಂಡಕೋಶ ಬೆಳೆಸಲು ವಾರಗಟ್ಟಲೆ ಬೇಕು, ಇದನ್ನು ಆಪರೇಷನ್ ಟೇಬಲ್ಲಿನ ಪಕ್ಕದಲ್ಲೇ ತಯಾರಿಸಬಹುದು. ಅದಕ್ಕೇ ನನಗೆ ಇದು ಇಷ್ಟ. ಆದರೆ ಐದು ಮಕ್ಕಳು, ಹೋಲಿಸಲು ಎರಡನೇ ಗುಂಪಿಲ್ಲ. ಕಾಯಬೇಕು.

ಕಸಿಯ ಅಂಗಕ್ಕೆ ಐಸ್ ಡಬ್ಬವೋ, ಮಷೀನೋ

ಪುಣೆಯ ಅಕ್ಕನಿಗೆ ಇದು ಮುಖ್ಯ. ಮುಂಬೈ-ಪುಣೆಗೆ ಹೊತ್ತಿನ ಲೆಕ್ಕ ಹಳೆಯದು. 1968ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದರು, ರೋಗಿ ಉಳಿಯಲಿಲ್ಲ. ಮುಂಬೈಯಲ್ಲಿ ಹೃದಯ ಕಸಿ ಮತ್ತೆ ಶುರುವಾದದ್ದು 2015ರಲ್ಲಿ, ಪುಣೆಯಿಂದ ಬಂದ ಹೃದಯದಿಂದ. ಐಸಿನಲ್ಲಿಟ್ಟ ಹೃದಯಕ್ಕೆ ಸುಮಾರು 4 ತಾಸು, ಲಿವರ್‌ಗೆ 8ರಿಂದ 12 ತಾಸು, ಕಿಡ್ನಿಗೆ ಒಂದು ದಿನದಷ್ಟು ಸಮಯ. ಪೊಲೀಸರು ರಸ್ತೆ ಬಿಡಿಸಿ ಗ್ರೀನ್ ಕಾರಿಡಾರ್ ಮಾಡುವುದು ಇದಕ್ಕೇ.

ಮಷೀನ್ ಪರ್ಫ್ಯೂಷನ್‌ನಲ್ಲಿ ಅಂಗಕ್ಕೆ ದಾರಿಯುದ್ದಕ್ಕೂ ದ್ರಾವಣವೋ ಬೆಚ್ಚಗಿನ ರಕ್ತವೋ ಹರಿಯುತ್ತಿರುತ್ತದೆ. ಪುರಾವೆ ಗಟ್ಟಿಯಾಗಿದೆ. 2018ರಲ್ಲಿ ಯುರೋಪಿನ 220 ಲಿವರ್ ಕಸಿಗಳಲ್ಲಿ, ಬೆಚ್ಚಗಿನ ಮಷೀನಿನಲ್ಲಿಟ್ಟ ಲಿವರ್‌ಗೆ ಪೆಟ್ಟು ಅರ್ಧದಷ್ಟಾಯಿತು, ಬಿಸಾಡಬೇಕಾದ ಲಿವರ್‌ಗಳೂ ಅರ್ಧಕ್ಕಿಳಿದವು. ಹೃದಯ ನಿಂತ ಮೇಲೆ ದಾನ ಮಾಡಿದವರ ಲಿವರನ್ನು ತಂಪು ಆಕ್ಸಿಜನ್ ದ್ರಾವಣದಲ್ಲಿ ಇಟ್ಟಾಗ ಪಿತ್ತನಾಳ ಕಟ್ಟಿಕೊಳ್ಳುವ ತೊಂದರೆ 18ರಿಂದ 6 ಪ್ರತಿಶತಕ್ಕೆ ಬಂತು, ಇದು 2021ರ ಅಧ್ಯಯನ. ಈ ಬರಹದಲ್ಲಿ ಹೊಸದು ಅನ್ನಿಸಿಕೊಳ್ಳುವ ಎಲ್ಲದರಲ್ಲೂ ನಾನು ದುಡ್ಡು ಹಾಕಬಹುದು ಅನ್ನುವುದು ಇದೊಂದೇ.

ಹಾಗಂತ ಮಷೀನ್ ಇಲ್ಲ ಅಂತ ಆಸ್ಪತ್ರೆ ಬದಲಾಯಿಸಬೇಕಾ? ಮನೆಯವರೇ ಲಿವರ್ ಅಥವಾ ಕಿಡ್ನಿ ಕೊಡುತ್ತಿದ್ದರೆ ಬೇಡ. ಪಕ್ಕದ ಕೋಣೆಯಿಂದ ಬರುವ ಅಂಗ ಐಸಿನಲ್ಲಿ ಇರುವುದೇ ಕೊಂಚ ಹೊತ್ತು. ಮೆದುಳು ಸತ್ತವರ ಅಂಗಕ್ಕೆ ಕಾಯುತ್ತಿದ್ದರೆ, ಅದು ದೂರದಿಂದ ಬರಬಹುದು ಅಥವಾ ದಾನಿಗೆ ವಯಸ್ಸಾಗಿರಬಹುದು ಅಂತ ಡಾಕ್ಟರ್ ಹೇಳಿದರೆ, ಮಷೀನಿನ ಖರ್ಚು ಯಾರದು ಅಂತ ಮೊದಲೇ ಕೇಳಿ ಹೋಲಿಸಿ. ಪುಣೆಯ ಅಕ್ಕನ ಗಂಡನಿಗೆ ತಮ್ಮನೇ ಲಿವರಿನ ಭಾಗ ಕೊಡಲು ಮುಂದೆ ಬಂದ. ಅವರು ಇದ್ದ ಆಸ್ಪತ್ರೆಯಲ್ಲೇ ಉಳಿದರು.

ದುಡ್ಡು, ಕಾಗದ, ಮತ್ತು ಕೇಳಬೇಕಾದ ಮಾತು

ಮಹಾರಾಷ್ಟ್ರದಲ್ಲಿ ಟ್ರಸ್ಟ್ ಆಸ್ಪತ್ರೆಗಳು 10 ಪ್ರತಿಶತ ಹಾಸಿಗೆ ಬಡವರಿಗೆ ಪುಕ್ಕಟೆ, ಇನ್ನು 10 ಪ್ರತಿಶತ ರಿಯಾಯಿತಿಯಲ್ಲಿ ಕೊಡಬೇಕು. ಆದಾಯದ ದಾಖಲೆ ಇಟ್ಟುಕೊಂಡು ಅಲ್ಲಿನ ಸಮಾಜ ಸೇವಾ ವಿಭಾಗಕ್ಕೆ ಹೋಗಿ. ಅಲ್ಲಿನ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯಲ್ಲೂ ಹೃದಯದ ಆಪರೇಷನ್ ಬರುತ್ತದೆ. ಗೋವಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ ಅಲ್ಲಿ 5 ವರ್ಷ ವಾಸ ಇದ್ದ ದಾಖಲೆ ಬೇಕು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಜನ 20 ವರ್ಷದಿಂದ ಅಲ್ಲಿದ್ದೂ ಕಾಗದ ಮಾಡಿಸಿಕೊಂಡಿರುವುದಿಲ್ಲ. ಆಸ್ಪತ್ರೆ ಸೇರುವ ಮೊದಲೇ ಮಾಡಿಸಿ.

ವಾಸ್ಕೋದ ಹುಡುಗ ಲಾರಿ ಚಲನ್ ಹಿಂದೆ ಬರೆದುಕೊಂಡು ಹೋದ ಪ್ರಶ್ನೆಗಳು ಇವು. ಅಪ್ಪನ ಕಿಡ್ನಿ ನೋಡಿದರೆ ಮಷೀನ್ ಬೇಕಾ, ಬೀಟಿಂಗ್ ಹಾರ್ಟ್ ಆಗುತ್ತದಾ? ನೀವು ಯಾವುದನ್ನು ಜಾಸ್ತಿ ಮಾಡುತ್ತೀರಿ? ಅಮೈನೋ ಆಸಿಡ್ ಡ್ರಿಪ್ ಕೊಡಬಹುದಾ? ಯಾವ ಮಾತ್ರೆ ಯಾವ ದಿನ ನಿಲ್ಲಿಸಬೇಕು? ರಕ್ತ ಕಮ್ಮಿ ಇದೆಯಾ?

ಆಪರೇಷನ್ ಮುಗಿದು ಐಸಿಯು ಬಾಗಿಲಲ್ಲಿ ನಿಂತಾಗ ಎರಡು ಲೆಕ್ಕ ಕೇಳಿ. ತಾಸಿಗೆ ಮೂತ್ರ ಎಷ್ಟು ಬರುತ್ತಿದೆ? 60 ಕಿಲೋ ತೂಕದವರಿಗೆ ತಾಸಿಗೆ 30 ಎಂಎಲ್ ಆದರೂ ಇರಬೇಕು. ಮರುದಿನ ಬೆಳಗಿನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ಎಷ್ಟು, ಆಪರೇಷನ್ನಿಗೆ ಮುಂಚೆ ಎಷ್ಟಿತ್ತು? ಹಳೆಯ ರಿಪೋರ್ಟ್ ಕೈಯಲ್ಲೇ ಇಟ್ಟುಕೊಂಡಿರಿ.